ಮೊಹರಿನ ಒಳಗೆ ಏನಿದೆ?

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಜೂಜಿನ ಯಂತ್ರಗಳ ವಿಷಯವಾಗಿ ಮಾತನಾಡುವವರಲ್ಲಿ ಬಹುಶಃ ನಾನೇ ಮೊದಲಿಗನಿರಬೇಕು. ತಪ್ಪು ನನ್ನದೊಬ್ಬನದೇ ಅಲ್ಲ. ನಮ್ಮ ಕಾರ್ಯದರ್ಶಿಗಳು ಮನೆಗೆ ಬಂದು, "ಸಾಹಿತ್ಯದ ಮೇಲೆ ಮಾತನಾಡುವವರು ಇಬ್ಬರಿದ್ದಾರೆ, ನೀವು ನಿಮಗೆ ಗೊತ್ತಿದ್ದುದನ್ನು ಹೇಳಿರಿ" ಎಂದರು. ನನಗೆ ಗೊತ್ತಿದ್ದುದು ಅಳತೆಯ ಉಪಕರಣಗಳ ಪರೀಕ್ಷೆ. ಠಾಣೆ-ಬೇಲಾಪುರ ರಸ್ತೆಯ ಒಂದು ಕಾರಖಾನೆಯಲ್ಲಿ ಮೂವತ್ತು ವರ್ಷ ಅದನ್ನೇ ಮಾಡಿ ಡೊಂಬಿವಲಿಯಲ್ಲಿ ನೆಲೆನಿಂತವನು ನಾನು. ಅಳತೆಯ ಯಂತ್ರದಿಂದ ಜೂಜಿನ ಯಂತ್ರಕ್ಕೆ ಹೇಗೆ ಬಂದೆನೆಂಬುದನ್ನು ಮುಂದೆ ಹೇಳುತ್ತೇನೆ.

೧೯೫೬ನೆಯ ಇಸವಿಯ ನವೆಂಬರ್ ೧ರಂದು ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾದುವು. ಈ ದಿನವನ್ನು ನಾವು ಆಚರಿಸುವುದು ಅದಕ್ಕಾಗಿಯೇ. ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೊಂದು ಕೂಡಿಕೆಯೂ ಆಯಿತೆಂಬುದು ಅಷ್ಟಾಗಿ ಯಾರ ನೆನಪಿನಲ್ಲಿಯೂ ಇಲ್ಲ. ಇಡೀ ದೇಶಕ್ಕೆ ಒಂದೇ ತೂಕ, ಒಂದೇ ಅಳತೆ ಇರಬೇಕೆಂಬ ಕಾನೂನು ಆಗ ಬಂದಿತು. ೧೯೫೮ರ ಅಕ್ಟೋಬರಿನಿಂದ ಸೇರು, ಕೊಳಗ, ಛಟಾಕುಗಳು ಹಂತಹಂತವಾಗಿ ಹಿಂದೆ ಸರಿದು, ಕಿಲೋ, ಲೀಟರು, ಮೀಟರುಗಳು ಮುಂದೆ ಬಂದವು. ಅಂಗಡಿಯ ತೂಕದ ಕಲ್ಲಿಗೆ ಸರಕಾರದ ಮುದ್ರೆ ಬಿದ್ದಿರಬೇಕು. ಮುದ್ರೆ ಇಲ್ಲದ ಕಲ್ಲು ಇಟ್ಟುಕೊಂಡರೆ ದಂಡ. ಇಷ್ಟು ನಮ್ಮ ಹಿರಿಯರಿಗೆಲ್ಲ ಗೊತ್ತಿತ್ತು.

ಈ ಭಾವನೆ ನಮಗೆ ಹೊಸದೂ ಅಲ್ಲ. ನಮ್ಮ ಹಳೆಯ ಶಾಸನಗಳನ್ನು ನೋಡಿರಿ. ದಾನ ಕೊಟ್ಟ ಭೂಮಿ ಇಷ್ಟು ಮತ್ತರು ಎಂದು ಹೇಳಿ ಸುಮ್ಮನಾಗದೆ, ಯಾವ ಕೋಲಿನಿಂದ ಅಳೆದರೆಂಬುದನ್ನೂ ಹೇಳಿರುವುದುಂಟು. ಏಕೆಂದರೆ ಅಳತೆ ನಿಜವೋ ಸುಳ್ಳೋ ಎಂಬುದು ಅಳೆದವನ ಬಾಯಿಮಾತಿನಿಂದ ತಿಳಿಯುವುದಿಲ್ಲ. ಬೇರೆಯವರ ಬಳಿ ಭದ್ರವಾಗಿರುವ ಒಂದು ಮೂಲದೊಡನೆ ತಾಳೆ ನೋಡಿದಾಗ ಮಾತ್ರ ತಿಳಿಯುತ್ತದೆ. ನನ್ನ ಇಂದಿನ ಭಾಷಣದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ. ಉಳಿದುದು ಅದರ ವಿಸ್ತಾರ.

ಈಗ ಜೂಜಿನ ಯಂತ್ರಕ್ಕೆ ಬರೋಣ. ನನ್ನ ಅಕ್ಕನ ಮಗ ಒಬ್ಬನು ಬೆಂಗಳೂರಿನಲ್ಲಿದ್ದಾನೆ. ಹೊರದೇಶದ ಕ್ಯಾಸಿನೊಗಳಲ್ಲಿ ಇಡುವ ಯಂತ್ರಗಳ ಪ್ರೋಗ್ರಾಮು ಬರೆಯುವ, ಪರೀಕ್ಷಿಸುವ ಕೆಲಸ ಈಗ ಬೆಂಗಳೂರಿನಲ್ಲಿಯೂ ನಡೆಯುತ್ತದೆ. ಇವನದು ಪರೀಕ್ಷೆಯ ವಿಭಾಗ. ಎರಡು ವರ್ಷದ ಹಿಂದೆ ಅವನಿಗೆ ಹೆಣ್ಣು ನೋಡತೊಡಗಿದಾಗ ನಮ್ಮ ಅಕ್ಕನಿಗೆ ಒಂದು ಸಂಕಟ ಬಂದಿತು. ಹುಡುಗ ಏನು ಮಾಡುತ್ತಾನೆಂದು ಕೇಳಿದರೆ "ಕಂಪ್ಯೂಟರಿನ ಕೆಲಸ" ಎಂದಷ್ಟೇ ಹೇಳಿ ಮಾತು ಮರೆಸುತ್ತಿದ್ದಳು. ನಾನು ಅವನನ್ನು ಒಂದು ದಿನ ಕೂರಿಸಿಕೊಂಡು, "ನಿಜ ಹೇಳು, ನೀನು ಜೂಜಾಡಿಸುವವನೇನೋ?" ಎಂದೆ. ಅವನು ನಕ್ಕು, "ಇಲ್ಲ ಮಾಮಾ, ನೀ ಮಾಡಿದ್ದನ್ನ ನಾನೂ ಮಾಡ್ತೀನಿ. ನೀ ತಕ್ಕಡಿ ನೋಡಿದಿ, ನಾ ಜೂಜಿನ ಮಶೀನು ನೋಡ್ತೀನಿ" ಎಂದನು. ಆ ರಾತ್ರಿ ಅವನು ನನಗೆ ಹೇಳಿದ ಪಾಠವನ್ನೇ ನಾನು ಇಂದು ನಿಮ್ಮ ಮುಂದೆ ಒಪ್ಪಿಸುತ್ತಿದ್ದೇನೆ.

ಹಳೆಯ ಕಾಲದ ಜೂಜಿನ ಯಂತ್ರದಲ್ಲಿ ಮೂರು ಚಕ್ರಗಳು, ಒಂದು ಹಿಡಿಕೆ. ನಾಣ್ಯ ಹಾಕಿ ಹಿಡಿಕೆ ಎಳೆದರೆ ಚಕ್ರಗಳು ತಿರುಗಿ ನಿಲ್ಲುತ್ತಿದ್ದುವು. ಮೂರರಲ್ಲಿಯೂ ಒಂದೇ ಚಿತ್ರ ಬಂದರೆ ಹಣ. ಒಂದೊಂದು ಚಕ್ರಕ್ಕೆ ಹತ್ತು ಚಿತ್ರಗಳಿದ್ದರೆ ಹತ್ತು ಹತ್ತಲೆ ನೂರು, ನೂರು ಹತ್ತಲೆ ಸಾವಿರ ಬಗೆ. ಮುಚ್ಚಳ ತೆಗೆದು ಚಿತ್ರಗಳನ್ನು ಎಣಿಸಿದರೆ ಯಂತ್ರದ ಲೆಕ್ಕ ಯಾರಿಗಾದರೂ ಸಿಗುತ್ತಿತ್ತು. ಈಗ ಹಾಗಿಲ್ಲ. ಒಳಗೆ ಒಂದು ಪ್ರೋಗ್ರಾಮು ಹಗಲಿರುಳು ಸಂಖ್ಯೆಗಳನ್ನು ಉರುಳಿಸುತ್ತಿರುತ್ತದೆ. ಗುಂಡಿ ಒತ್ತಿದ ಕ್ಷಣಕ್ಕೆ ಬಂದ ಸಂಖ್ಯೆಯೇ ಫಲ. ಸೋಲು ಗೆಲವು ಅಲ್ಲಿಗೇ ತೀರ್ಮಾನವಾಗಿಬಿಡುತ್ತದೆ. ಆಮೇಲೆ ತಿರುಗುವ ಚಿತ್ರಗಳು ಬರಿಯ ಮೆರವಣಿಗೆ. ೧೯೮೪ರಲ್ಲಿ ಇಂಗೆ ತೆಲ್ನೆಸ್ ಎಂಬವರಿಗೆ ಅಮೆರಿಕದಲ್ಲಿ ಒಂದು ಪೇಟೆಂಟು ದೊರೆಯಿತು. ಅದರ ಪ್ರಕಾರ ಕಣ್ಣಿಗೆ ಕಾಣುವ ಚಕ್ರದಲ್ಲಿ ಕೆಲವೇ ಚಿತ್ರಗಳಿದ್ದರೂ, ಒಳಗಿನ ಲೆಕ್ಕದ ಚಕ್ರಕ್ಕೆ ಎಷ್ಟು ಬೇಕಾದರೂ ಮನೆಗಳನ್ನು ಕೊಡಬಹುದು. ಅಂದಿನಿಂದ ಮುಚ್ಚಳ ತೆಗೆದು ಎಣಿಸುವ ಪರೀಕ್ಷೆಗೆ ಬೆಲೆ ಉಳಿಯಲಿಲ್ಲ. ಪ್ರೋಗ್ರಾಮನ್ನೇ ಪರೀಕ್ಷಿಸಬೇಕಾಯಿತು.

ಹೇಗೆ ಪರೀಕ್ಷಿಸುವುದು? ಮೊದಲು ಯಂತ್ರ ಮಾಡುವವರು ತಮ್ಮ ಪ್ರೋಗ್ರಾಮನ್ನು ಸರಕಾರ ಒಪ್ಪಿದ ಒಂದು ಪ್ರಯೋಗಶಾಲೆಗೆ ಒಪ್ಪಿಸಬೇಕು. ಅಲ್ಲಿಯವರು ಅದನ್ನು ಓದಿ, ಸಂಖ್ಯೆಗಳು ನಿಜವಾಗಿಯೂ ಅಂದಾಜಿಗೆ ಸಿಗದಂತೆ ಬರುತ್ತವೆಯೇ, ಹಾಕಿದ ಹಣದಲ್ಲಿ ನೂರಕ್ಕೆ ಎಷ್ಟು ಹಿಂದಿರುಗುತ್ತದೆ ಎಂಬುದನ್ನು ಲೆಕ್ಕ ಹಾಕುತ್ತಾರೆ. ನೆವಾಡಾ ಸಂಸ್ಥಾನದ ನಿಯಮದಂತೆ ದೀರ್ಘಕಾಲದ ಲೆಕ್ಕದಲ್ಲಿ ನೂರಕ್ಕೆ ೭೫ಕ್ಕಿಂತ ಕಡಮೆ ಹಿಂದಿರುಗಿಸುವ ಯಂತ್ರಕ್ಕೆ ಅನುಮತಿಯಿಲ್ಲ. ನ್ಯೂಜೆರ್ಸಿಯಲ್ಲಿ ಅದು ೮೩. ಪ್ರಯೋಗಶಾಲೆಯ ಪರೀಕ್ಷೆ ಮುಗಿದು ಪ್ರೋಗ್ರಾಮಿಗೆ ಮಂಜೂರಾತಿ ಸಿಗುತ್ತದೆ.

ಆದರೆ ಸಮಸ್ಯೆ ಆರಂಭವಾಗುವುದು ಅಲ್ಲಿಂದ ಮುಂದೆ. ಮಂಜೂರಾದದ್ದು ಪ್ರಯೋಗಶಾಲೆಯ ಕಪಾಟಿನಲ್ಲಿದೆ. ಜನ ಹಣ ಹಾಕುವ ಯಂತ್ರ ನೂರಾರು ಮೈಲಿ ದೂರದ ಒಂದು ಹಾಲಿನಲ್ಲಿದೆ. ಅದರೊಳಗಿರುವುದು ಅದೇ ಪ್ರೋಗ್ರಾಮೇ ಎಂದು ನಂಬುವುದು ಹೇಗೆ? ಲಕ್ಷಾಂತರ ಸಾಲುಗಳನ್ನು ಪ್ರತಿಯೊಂದು ಯಂತ್ರದ ಮುಂದೆಯೂ ಕುಳಿತು ಓದುವುದು ಸಾಧ್ಯವಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯವನ್ನು ಕೇಳಿ ನನಗೆ ನಮ್ಮ ತಾಳೆಗರಿಯ ಲಿಪಿಕಾರರು ನೆನಪಾದರು. ಗ್ರಂಥವನ್ನು ಪ್ರತಿ ಮಾಡಿದ ಮೇಲೆ ಅವರು ಕೊನೆಯಲ್ಲಿ ಗ್ರಂಥಸಂಖ್ಯೆ ಬರೆಯುತ್ತಿದ್ದುದುಂಟು. ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಕೆ. ಎಣಿಕೆ ತಪ್ಪಿದರೆ ಎಲ್ಲಿಯೋ ಸಾಲು ಬಿಟ್ಟುಹೋಗಿದೆ ಅಥವಾ ಯಾರೋ ಸೇರಿಸಿದ್ದಾರೆಂದು ಅರ್ಥ. ಆದರೆ ಒಂದು ಅಕ್ಷರ ತೆಗೆದು ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಆ ಎಣಿಕೆಗೆ ಗೊತ್ತಾಗದು. ಇಂದಿನ ಗಣಿತಜ್ಞರು ಆ ಕೊರತೆಯನ್ನು ತುಂಬಿದ್ದಾರೆ. ಇಡೀ ಪ್ರೋಗ್ರಾಮನ್ನು ಒಂದು ಲೆಕ್ಕದ ಗಾಣಕ್ಕೆ ಹಾಕಿದರೆ ಕೊನೆಗೆ ನಲವತ್ತು ಅಥವಾ ಅರವತ್ತುನಾಲ್ಕು ಅಂಕಿ-ಅಕ್ಷರಗಳ ಒಂದು ಸಾಲು ಹೊರಬೀಳುತ್ತದೆ. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಪ್ರೋಗ್ರಾಮಿನ ಸಹಿ ಎನ್ನೋಣ. ಒಳಗೆ ಒಂದೇ ಒಂದು ಚುಕ್ಕೆ ಬದಲಾದರೂ ಸಹಿಯೆಲ್ಲ ಬದಲಾಗುತ್ತದೆ. ಪ್ರಯೋಗಶಾಲೆಯ ಕಡತದಲ್ಲಿ ಒಂದು ಸಹಿ. ಹಾಲಿನ ಯಂತ್ರದಿಂದ ತೆಗೆದ ಸಹಿ ಇನ್ನೊಂದು. ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ಓದಿದರೆ ಕೆಲಸವಾಯಿತು. ತಾಳೆಯಾದರೆ ಯಂತ್ರದ ಬಾಗಿಲಿಗೆ ಮೊಹರು ಹಾಕಿ, ಯಾರು ಯಾವಾಗ ತೆರೆದರೆಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಮೊಹರು ಹರಿದಿದ್ದರೆ ಮತ್ತೆ ಮೊದಲಿನಿಂದ ಪರೀಕ್ಷೆ.

ನಾನು ಪರೀಕ್ಷಕನಾಗಿದ್ದವನಲ್ಲವೆ, ಸುಮ್ಮನಿರಲಿಲ್ಲ. "ಯಂತ್ರದ ಸಹಿಯನ್ನು ಯಂತ್ರವೇ ಹೇಳುವುದಾದರೆ, ಕಳ್ಳ ಪ್ರೋಗ್ರಾಮು ಸರಿಯಾದ ಸಹಿಯನ್ನು ಬಾಯಿಪಾಠ ಮಾಡಿಕೊಂಡು ಒಪ್ಪಿಸಬಹುದಲ್ಲ?" ಎಂದೆ. ಹುಡುಗ ಖುಷಿಪಟ್ಟನು. "ಅದಕ್ಕs ಪರೀಕ್ಷೆ ಮಾಡೋ ಮನಶ್ಯಾ ಪ್ರತಿ ಸಲ ಒಂದು ಹೊಸ ಸಂಖ್ಯೆ ಕೊಡತಾನ, ಮಾಮಾ. ಆ ಸಂಖ್ಯೆ ಬೆರಸಿ ಸಹಿ ಮಾಡು ಅಂತಾನ. ಆಗ ಬಾಯಿಪಾಠದ ಉತ್ತರ ನಡಿಯೂದಿಲ್ಲ." ಪ್ರತಿ ವರ್ಷ ಅದೇ ಪ್ರಶ್ನೆ ಕೇಳುವ ಮಾಸ್ತರರಿಗೂ ಹೊಸ ಲೆಕ್ಕ ಕೊಡುವ ಮಾಸ್ತರರಿಗೂ ಇರುವ ವ್ಯತ್ಯಾಸವೇ ಇದು. ಇದರಿಂದ ಕಳ್ಳನ ಕೆಲಸ ಅಸಾಧ್ಯವಾಗದಿದ್ದರೂ ಬಹಳ ಕಷ್ಟವಾಗುತ್ತದೆ. ಲೆಕ್ಕದ ಗಾಣಗಳೂ ಹಳತಾಗುತ್ತವೆ. ನಲವತ್ತು ಅಕ್ಷರಗಳ ಒಂದು ಪ್ರಸಿದ್ಧ ಪದ್ಧತಿಯಲ್ಲಿ ಎರಡು ಬೇರೆ ಬೇರೆ ಕಡತಗಳು ಒಂದೇ ಸಹಿ ಕೊಡುವಂತೆ ಮಾಡಬಹುದೆಂದು ೨೦೧೭ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಒಂದು ಗಣಿತ ಸಂಸ್ಥೆಯವರು ಮಾಡಿ ತೋರಿಸಿದರು. ಆದುದರಿಂದ ತಕ್ಕಡಿಯ ಕಲ್ಲು ಸವೆದಂತೆ ಇದನ್ನೂ ಕಾಲಕಾಲಕ್ಕೆ ಬದಲಿಸಬೇಕಾಗುತ್ತದೆ.

ಇಷ್ಟೆಲ್ಲ ಇದ್ದರೂ ಮೋಸ ನಡೆಯಲಿಲ್ಲವೆ? ನಡೆಯಿತು, ಅದೂ ಪರೀಕ್ಷಕನಿಂದಲೇ ನಡೆಯಿತು. ನೆವಾಡಾದ ಜೂಜು ನಿಯಂತ್ರಣ ಮಂಡಳಿ ೧೯೫೫ರಲ್ಲಿ ಸ್ಥಾಪಿತವಾದುದು. ಅಲ್ಲಿ ರೊನಾಲ್ಡ್ ಹ್ಯಾರಿಸ್ ಎಂಬ ತಂತ್ರಜ್ಞನಿದ್ದನು. ಯಂತ್ರಗಳ ಚಿಪ್ಪುಗಳನ್ನು ಪರೀಕ್ಷಿಸುವುದೇ ಅವನ ಉದ್ಯೋಗ. ಅವನು ಪರೀಕ್ಷೆಗೆ ಒಯ್ಯುವ ಉಪಕರಣದೊಳಗೇ ಕಳ್ಳ ಪ್ರೋಗ್ರಾಮನ್ನು ಸೇರಿಸಿದನು. ಅದನ್ನು ಹಿಡಿದುಕೊಂಡು ಹೋದ ಅಧಿಕಾರಿ, ತನಗೆ ತಿಳಿಯದೆಯೇ, ಆರೋಗ್ಯವಾಗಿದ್ದ ಯಂತ್ರಕ್ಕೆ ರೋಗ ಅಂಟಿಸಿ ಬರುತ್ತಿದ್ದನು. ಆಮೇಲೆ ನಾಣ್ಯಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಹಾಕಿದವರಿಗೆ ಯಂತ್ರ ಹಣ ಸುರಿಸುತ್ತಿತ್ತು. ೧೯೯೫ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಕೀನೊ ಎಂಬ ಬೇರೊಂದು ಆಟದಲ್ಲಿ ಅವನ ಜೊತೆಗಾರನಿಗೆ ಒಂದು ಲಕ್ಷ ಡಾಲರ್ ಬಂದಾಗ ಅಲ್ಲಿಯವರಿಗೆ ಸಂಶಯ ಹುಟ್ಟಿ, ಎಳೆ ಹಿಡಿದು ಹೋದರೆ ಹ್ಯಾರಿಸನ ಬಾಗಿಲು ಸಿಕ್ಕಿತು. ಏಳು ವರ್ಷದ ಶಿಕ್ಷೆಯಾಯಿತು. ವೈದ್ಯನ ಸೂಜಿಯಲ್ಲಿಯೇ ವಿಷವಿದ್ದರೆ ರೋಗಿ ಯಾರನ್ನು ದೂರಬೇಕು? ಪರೀಕ್ಷಕನನ್ನೂ ಪರೀಕ್ಷಿಸುವವರು ಇರಬೇಕು. ಅಳತೆಯ ಮೂಲವೂ ಅಳೆಯುವ ಕೈಯೂ ಒಬ್ಬನದೇ ಆಗಿರಬಾರದು. ಮೂವತ್ತು ವರ್ಷ ನಾನು ಸಹಿ ಹಾಕಿದ ಪ್ರತಿಯೊಂದು ಕಾಗದದ ಮೇಲೂ ಇನ್ನೊಬ್ಬರ ಸಹಿ ಇರುತ್ತಿತ್ತು. ತರುಣನಾಗಿದ್ದಾಗ ಅದು ನನಗೆ ಅವಮಾನವೆನಿಸುತ್ತಿತ್ತು. ಈಗ ಅದರ ಅರ್ಥ ಆಗುತ್ತದೆ.

ಈ ನೆವಾಡಾ, ನ್ಯೂಜೆರ್ಸಿಗಳ ಕಥೆ ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಮನೆಯ ಹೊಸ್ತಿಲಿಗೇ ಬರುತ್ತೇನೆ. ೨೦೧೭ರ ಏಪ್ರಿಲಿನಲ್ಲಿ ಉತ್ತರ ಪ್ರದೇಶದ ಪೊಲೀಸರು ಲಖನೌದಲ್ಲಿ ಕೆಲವು ಪೆಟ್ರೋಲ್ ಪಂಪುಗಳ ಯಂತ್ರದೊಳಗೆ ಕಳ್ಳ ಚಿಪ್ಪುಗಳನ್ನು ಹಿಡಿದರು. ಅದೇ ವರ್ಷ ಜೂನಿನಲ್ಲಿ ನಮ್ಮ ಠಾಣೆಯ ಪೊಲೀಸರ ಅಪರಾಧ ಶಾಖೆಯವರು ಇಲ್ಲಿಯೂ ತಪಾಸಣೆ ಆರಂಭಿಸಿದರು. ಅದು ರಾಜ್ಯದ ಹಲವು ಜಿಲ್ಲೆಗಳಿಗೆ ಹಬ್ಬಿತು. ಪಂಪಿನೊಳಗೆ ಪಲ್ಸರ್ ಎಂಬ ಒಂದು ಅಂಗವಿರುತ್ತದೆ. ಎಣ್ಣೆ ಹರಿದಂತೆ ಅದು ಮಿಡಿಯುತ್ತದೆ. ಆ ಮಿಡಿತಗಳನ್ನು ಎಣಿಸಿ ಮುಂದಿನ ಗಾಜಿನಲ್ಲಿ ಲೀಟರು, ರೂಪಾಯಿಗಳು ಕಾಣುತ್ತವೆ. ಒಳಗಿನ ಚಿಪ್ಪು ಮಿಡಿತಗಳನ್ನು ಹೆಚ್ಚಿಸಿ ಹೇಳಿದರೆ, ಗಾಜಿನಲ್ಲಿ ಐದು ಲೀಟರು ತೋರಿಸುತ್ತದೆ, ಟಾಕಿಗೆ ಬಿದ್ದುದು ಅದಕ್ಕಿಂತ ಕಡಮೆ. ನೂರಕ್ಕೆ ಮೂರು ಕಡಮೆಯಾದರೆ ಐದು ಲೀಟರಿಗೆ ನೂರೈವತ್ತು ಮಿಲಿಲೀಟರು. ಒಬ್ಬ ಗಿರಾಕಿಗೆ ಇದು ತಿಳಿಯುವುದೇ ಇಲ್ಲ. ದಿನಕ್ಕೆ ಸಾವಿರ ಗಾಡಿಗಳಾದರೆ ಕದ್ದವನಿಗೆ ಚೆನ್ನಾಗಿ ತಿಳಿಯುತ್ತದೆ.

ನೋಡಿರಿ, ಪೆಟ್ರೋಲು ಜೂಜಲ್ಲ. ಆದರೂ ರೋಗ ಒಂದೇ: ಮಂಜೂರಾದ ಯಂತ್ರ, ಒಳಗೆ ಮಂಜೂರಾಗದ ಪ್ರಾಣ. ಔಷಧವೂ ಒಂದೇ: ಬೇರೆಯವರ ಬಳಿ ಇರುವ ಮೂಲದೊಡನೆ ತಾಳೆ ನೋಡುವುದು. ಪ್ರತಿಯೊಂದು ಪಂಪಿನಲ್ಲಿಯೂ ತೂಕ-ಅಳತೆ ಇಲಾಖೆಯ ಮುದ್ರೆಯುಳ್ಳ ಐದು ಲೀಟರಿನ ಅಳತೆಯ ಪಾತ್ರೆ ಇರಬೇಕೆಂಬ ನಿಯಮವಿದೆ. ಅದರಲ್ಲಿ ಹಾಕಿ ತೋರಿಸಿರೆಂದು ಕೇಳುವ ಹಕ್ಕು ನಿಮ್ಮೆಲ್ಲರಿಗೂ ಉಂಟು. ಐದು ಲೀಟರಿಗೆ ೨೫ ಮಿಲಿಲೀಟರಿನ ತನಕ ವ್ಯತ್ಯಾಸ ಕ್ಷಮ್ಯ; ಅದಕ್ಕಿಂತ ಹೆಚ್ಚು ಕಡಮೆ ಬಿದ್ದರೆ ದೂರು ಕೊಡಬಹುದು. ಡೊಂಬಿವಲಿಯಲ್ಲಿ ಶೇರ್ ರಿಕ್ಷಾ ಹತ್ತುವ ನಮಗೆ ಮೀಟರಿನ ಗೊಡವೆಯೇ ಇಲ್ಲವೆಂಬುದು ನಿಜ. ಆದರೆ ಪೆಟ್ರೋಲು, ಗ್ಯಾಸು, ಅಕ್ಕಿ, ಬಂಗಾರ ಎಲ್ಲರ ಮನೆಗೂ ಅಳೆದೇ ಬರಬೇಕಷ್ಟೆ. ಕೇಳಲು ಸಂಕೋಚ ಬೇಡ. ಕೇಳುವವರಿದ್ದಾರೆಂದು ತಿಳಿದರೆ ಕೊಡುವವನ ಕೈಯೂ ನೆಟ್ಟಗಾಗುತ್ತದೆ.

ಇನ್ನು ಜೂಜಿನ ಮಾತು. ಕಲ್ಯಾಣದಿಂದ ಬಂದ ಬಂಧುಗಳು ಇಲ್ಲಿದ್ದೀರಿ. ಊರ ಹೆಸರು ಹೇಳಿದೊಡನೆ "ಮಟಕಾದ ಕಲ್ಯಾಣವೇ?" ಎಂದು ಊರ ಕಡೆಯವರು ಕೇಳಿರಬಹುದು. ಆ ಹೆಸರು ಊರಿನಿಂದ ಬಂದುದಲ್ಲ. ೧೯೬೨ರಲ್ಲಿ ಮುಂಬಯಿಯಲ್ಲಿ ಅದನ್ನು ನಡೆಸತೊಡಗಿದ ಕಲ್ಯಾಣಜಿ ಭಗತ್ ಎಂಬವನಿಂದ ಬಂದುದು. ಅದಕ್ಕೂ ಮೊದಲು ನ್ಯೂಯಾರ್ಕಿನ ಹತ್ತಿಯ ಧಾರಣೆಯ ಮೇಲೆ ಪಂಥ ಕಟ್ಟುತ್ತಿದ್ದರು. ತಂತಿಯಲ್ಲಿ ಬರುತ್ತಿದ್ದ ಆ ಧಾರಣೆ ನಿಂತುಹೋದಾಗ ಚೀಟಿಗಳನ್ನು ಮಡಕೆಯಲ್ಲಿ ಹಾಕಿ ಎತ್ತತೊಡಗಿದರು. ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಓ.ಸಿ. ಎಂಬ ಹೆಸರಿನಲ್ಲಿ ಅದು ಮನೆಗಳನ್ನು ಮುರಿಯಿತು. ಹತ್ತಿಯ ಧಾರಣೆ ದೂರದ ಪೇಟೆಯಲ್ಲಿ ಹುಟ್ಟುತ್ತಿತ್ತು. ಇಲ್ಲಿಯ ಬುಕ್ಕಿ ಅದನ್ನು ತಿದ್ದಲಾರ. ಮಡಕೆಯಾದರೋ ಆಡಿಸುವವನ ಕೈಯಲ್ಲಿಯೇ ಇತ್ತು. ಮೂಲವನ್ನು ಯಾರು ಕಾಯುತ್ತಾರೆಂಬ ಪ್ರಶ್ನೆ ಅಲ್ಲಿಯೂ ಇದ್ದೇ ಇತ್ತು.

ನಮ್ಮ ಮಹಾರಾಷ್ಟ್ರದಲ್ಲಿ ೧೯೭೬ರಲ್ಲಿ ಕ್ಯಾಸಿನೊಗಳ ಕಾನೂನೊಂದು ಆಯಿತು. ಒಂದು ದಿನವೂ ಜಾರಿಗೆ ಬಾರದೆ ೨೦೨೩ರಲ್ಲಿ ರದ್ದಾಯಿತು. ಗೋವೆಯಲ್ಲಿ ಹಾಗಲ್ಲ. ಅಲ್ಲಿಯ ಜೂಜಿನ ಕಾನೂನಿಗೆ ೧೯೯೨ರಲ್ಲಿ ತಿದ್ದುಪಡಿಯಾಗಿ ಪಂಚತಾರಾ ಹೋಟೆಲುಗಳಲ್ಲಿ ಈ ಯಂತ್ರಗಳಿಗೆ ಅವಕಾಶವಾಯಿತು. ೧೯೯೬ರಲ್ಲಿ ಹಡಗುಗಳ ಮೇಲಿನ ಜೂಜಿಗೂ ಬಾಗಿಲು ತೆರೆಯಿತು. ಪಣಜಿಯ ಮಾಂಡೋವಿ ಹೊಳೆಯಲ್ಲಿ ದೀಪಗಳಿಂದ ಝಗಝಗಿಸುವ ಆ ಹಡಗುಗಳನ್ನು ನೀವು ನೋಡಿದ್ದೀರಿ. ಬೆಳಗಾವಿ, ಹುಬ್ಬಳ್ಳಿ, ಕಾರವಾರಗಳಿಂದ ಅದೇನೂ ದೂರವಲ್ಲ. ನಮಗೂ ಒಂದು ರಾತ್ರಿಯ ಪ್ರಯಾಣ.

ನಮ್ಮ ಕಟ್ಟಡದ ಒಬ್ಬ ತರುಣ, ಕನ್ನಡದವನೇ, ಗೆಳೆಯರೊಡನೆ ಅಲ್ಲಿಗೆ ಹೋಗಿದ್ದನು. ತಂಗಿಯ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಎಷ್ಟೋ ಪಾಲನ್ನು ಎರಡು ರಾತ್ರಿಯಲ್ಲಿ ಕಳೆದುಕೊಂಡು ಬಂದನು. ನಾನು ಯಂತ್ರಗಳನ್ನು ಬಲ್ಲವನೆಂದು ಯಾರೋ ಹೇಳಿರಬೇಕು. ಒಂದು ಸಂಜೆ ಬಂದು, ತಲೆ ತಗ್ಗಿಸಿ ಕುಳಿತು, "ಕಾಕಾ, ಆ ಮಶೀನಿನ್ಯಾಗ ಏನರ ಮೋಸ ಇರತದೇನು?" ಎಂದು ಕೇಳಿದನು. ಅವನ ಕಣ್ಣಿನಲ್ಲಿ ಒಂದು ಆಸೆಯಿತ್ತು. ಮೋಸವಾಯಿತೆಂದು ನಾನು ಹೇಳಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು; ಮೋಸವಿಲ್ಲದ ಯಂತ್ರ ಸಿಕ್ಕರೆ ಗೆದ್ದೇನೆಂಬ ಭರವಸೆ ಉಳಿಯುತ್ತಿತ್ತು.

ನಾನು ಕಾಗದ ಪೆನ್ಸಿಲು ತೆಗೆದುಕೊಂಡೆ. "ಯಂತ್ರ ಪೂರಾ ಪ್ರಾಮಾಣಿಕವಾದುದೆಂದೇ ಹಿಡಿ. ನೂರು ರೂಪಾಯಿ ಹಾಕಿದರೆ ತೊಂಬತ್ತೆರಡು ಹಿಂದೆ ಕೊಡುವಂಥದು. ಒಂದು ಒತ್ತಿಗೆ ಹತ್ತು ರೂಪಾಯಿ. ಗಂಟೆಗೆ ಐನೂರು ಒತ್ತು. ಅಂದರೆ ಗಂಟೆಗೆ ಐದು ಸಾವಿರ ರೂಪಾಯಿ ನಿನ್ನ ಕೈಯಿಂದ ಯಂತ್ರದೊಳಗೆ ಹಾದುಹೋಗುತ್ತದೆ. ಅದರಲ್ಲಿ ನಾಲ್ಕು ನೂರು ಅಲ್ಲಿಯೇ ಉಳಿಯುತ್ತದೆ. ಒಂದು ಗಂಟೆ ನೀನು ಗೆಲ್ಲಬಹುದು, ಒಂದು ರಾತ್ರಿಯೂ ಗೆಲ್ಲಬಹುದು. ಕೂತಷ್ಟು ಹೊತ್ತೂ ಲೆಕ್ಕ ಯಂತ್ರದ ಕಡೆಗೇ ವಾಲುತ್ತದೆ. ಪರೀಕ್ಷಕರು ಮೊಹರು ಹಾಕುವುದು ನೀನು ಗೆಲ್ಲುತ್ತೀ ಎಂದಲ್ಲಪ್ಪಾ, ಹೇಳಿದಷ್ಟೇ ಕಸಿದುಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಿಲ್ಲ ಎಂದು" ಎಂದೆ. ಅವನು ಆ ಕಾಗದವನ್ನು ಬಹಳ ಹೊತ್ತು ನೋಡಿದನು. ಕೊನೆಗೆ ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದನು. ಮರುದಿನ ತಂದೆಗೆ ನಿಜ ಹೇಳಿದನೆಂದು ಆಮೇಲೆ ತಿಳಿಯಿತು.

ಗೋವೆಗೆ ಹೋಗಬೇಕಾದ ಕಷ್ಟವೂ ಈಚೆಗೆ ಇರಲಿಲ್ಲ. ಕಲ್ಯಾಣದಿಂದ ಸಿ.ಎಸ್.ಟಿ.ಯ ತನಕ ಲೋಕಲಿನಲ್ಲಿ ನಿಂತ ಹುಡುಗರ ಅಂಗೈಯಲ್ಲಿಯೇ ಕ್ಯಾಸಿನೊ ಇತ್ತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಮಾಡಿತು. ಕಾನೂನು ತನ್ನ ಕೆಲಸ ಮಾಡಲಿ. ಆದರೆ ಕದ್ದು ನಡೆಯುವ ಆಟಗಳಿಗೆ ಪ್ರಯೋಗಶಾಲೆಯೂ ಇಲ್ಲ, ಸಹಿಯೂ ಇಲ್ಲ, ಮೊಹರೂ ಇಲ್ಲ, ದೂರು ಕೇಳುವವರೂ ಇಲ್ಲ. ಪ್ರಾಮಾಣಿಕ ಯಂತ್ರವೇ ಮೆಲ್ಲಗೆ ಕಸಿದುಕೊಳ್ಳುವಾಗ, ಯಾರೂ ನೋಡದ ಯಂತ್ರ ಏನು ಮಾಡೀತೆಂಬುದನ್ನು ತಾಯಿತಂದೆಗಳು ಮಕ್ಕಳಿಗೆ ಲೆಕ್ಕ ಹಾಕಿ ತೋರಿಸಬೇಕು. ಬೈದರೆ ಮಕ್ಕಳು ಬಚ್ಚಿಡುತ್ತಾರೆ. ಲೆಕ್ಕ ತೋರಿಸಿದರೆ ಯೋಚಿಸುತ್ತಾರೆ.

ನನ್ನ ಅಳಿಯನ ಮದುವೆಯ ಮಾತನ್ನು ಅರ್ಧಕ್ಕೇ ಬಿಟ್ಟೆ. ಹೆಣ್ಣಿನ ಕಡೆಯವರು ನವಿಮುಂಬಯಿಯವರು. ನಾನೇ ಅಕ್ಕನ ಪರವಾಗಿ ಹೋಗಿದ್ದೆ. ಈ ಸಲ ಮರೆಮಾಚದೆ ಎಲ್ಲವನ್ನೂ ಹೇಳಿದೆ. ಹುಡುಗಿಯ ತಂದೆ ಸುಮ್ಮನಾದರು. ಹುಡುಗಿ ಮಾತ್ರ ನೇರವಾಗಿ ಅವನನ್ನು ಕೇಳಿದಳು: "ನೀವು ನೋಡಿ ಸರಿ ಇದೆ ಅಂದ ಮೇಲೂ ಆಡಿದವರು ಸೋಲ್ತಾರಲ್ವಾ?" ಅವನು, "ಹೌದು, ಹೆಚ್ಚು ಜನ ಸೋಲ್ತಾರೆ. ಮೋಸದಿಂದ ಸೋಲಬಾರದು ಅನ್ನೋದಷ್ಟೇ ನನ್ನ ಕೆಲಸ" ಎಂದನು. ಸಂಬಂಧ ಕೂಡಿತು. ಅವನ ಉದ್ಯೋಗ ಅವಳಿಗೆ ಈಗಲೂ ಅಷ್ಟು ಹಿಡಿಸಿಲ್ಲವೆಂದು ಕೇಳಿದ್ದೇನೆ. ಆದರೆ ಕೇಳಿದ್ದಕ್ಕೆ ಅವನು ನಿಜ ಹೇಳಿದನೆಂಬುದು ಹಿಡಿಸಿತಂತೆ.

ಸಂಘದ ವಾರ್ಷಿಕ ಲೆಕ್ಕಪತ್ರವನ್ನು ಈಗ ಖಜಾಂಚಿಗಳು ಓದಲಿದ್ದಾರೆ. ದಯಮಾಡಿ ಆಗ ಯಾರೂ ಚಹಕ್ಕೆ ಎದ್ದು ಹೋಗಬೇಡಿರಿ. ಅವರ ಮೇಲೆ ನಮಗೆಲ್ಲ ವಿಶ್ವಾಸವಿದೆ. ಆ ವಿಶ್ವಾಸವಿರುವುದರಿಂದಲೇ ಕುಳಿತು ಕೇಳಬೇಕು.